ಮಸಿ ಪೆನ್ ಸರಿ ಬರೀವಲ್ದಂದ್ರ ನಿಬ್ ಬದಲಿ ಮಾಡ್ಸೂಕಿಂತ ಮೊದ್ಲ ಇಲ್ಲೊಮ್ಮೆ ಹೋಗ್ರಿ

ಹುಬ್ಬಳ್ಳಿ ದುರ್ಗದಬೈಲ್ ಹಿಂದಿನ ಓಣ್ಯಾಗ ಪೆನ್ ರಿಪೇರಿ ಮಾಡೂ ಒಂದು ಸಣ್ಣ ಕೌಂಟರ್ ಐತಿ, ಬೋರ್ಡ್ ಮ್ಯಾಲ ಬರೇ ಸ್ಟೇಷನರಿ ಅಂತ ಬರದಾರ, ಹಂಗಾಗಿ ಕೇಳ್ಕೋತ ಹೋಗ್ಬೇಕು. ನಡ್ಸೂವ್ರು ಒಬ್ರು ಅಕ್ಕಾರು, ಮಾತು ಕಡಿಮಿ, ಕೆಲಸ ಮಾತ್ರ ಭಾಳ ಛಲೋ. ನಾಕು ಸ್ಟಾರ್.

ನನ್ನ ಪೆನ್ ಆನ್‌ಲೈನ್ ತರ್ಸಿದ್ದು, ಕಂಪನಿ ಹೆಸರು ಬ್ಯಾಡ. ಒಂದು ಅರ್ಧ ಪೇಜ್ ಚಂದ ಬರೀತಿತ್ತು, ಆಮ್ಯಾಲ ಅಕ್ಷರ ತೆಳ್ಳಗಾಕ್ಕೋತ ಹೋಗಿ ಪೂರಾ ಒಣಾ, ಸ್ವಲ್ಪ ಹೊತ್ತು ಬಿಟ್ರ ಮತ್ತ ಶುರು. ಬ್ಯಾರೆ ಅಂಗಡ್ಯಾಗ ನಿಬ್ ಹೋಗೈತಿ ಹೊಸಾದ ಹಾಕ್ಸ್ರಿ ಅಂದಿದ್ರು. ಅಕ್ಕಾರು ನಿಬ್ ಕಡೆ ನೋಡ್ಲೇ ಇಲ್ಲ, ಒಳಗಿನ ಶಾಯಿ ತುಂಬೂ ಕೊಳವಿ, ಅಂದ್ರ ಕನ್ವರ್ಟರ್, ಬೆಳಕಿಗೆ ಹಿಡಿದ್ರು. ಶಾಯಿ ಎಲ್ಲಾ ಹಿಂದಿನ ತುದಿಗೆ ಅಂಟ್ಕೊಂಡು ಕುಂತಿತ್ತು, ನಿಬ್ ಕೆಳಗ ಮಾಡಿದ್ರೂ ಇಳೀವಲ್ದು! ಕೊಳವಿ ಸಣ್ಣದಿದ್ರ ಸರ್ಫೇಸ್ ಟೆನ್ಶನ್‌ಗೆ ಹಂಗಾಗ್ತೈತಂತ. ಹಿಂದಿನ ತಿರಗಣಿ ಒಂಚೂರು ತಿರುವಿ ಶಾಯಿ ನಾಲಿಗಿಗೆ (ನಿಬ್ಬಿನ ಕೆಳಗಿದ್ದು ಅದಕ್ಕ ಮಸಿ ಒಯ್ಯೂ ಭಾಗ) ಇಳಿಸಿದ ಕೂಡ್ಲೆ ಕರ್ರಗ ಬರೀತು. "ನಿಬ್ ಚಂದನ ಐತ್ರಿ, ಅದಕ್ಕ ಮಸಿ ಮುಟ್ವಲ್ದು" ಅಂದ್ರು, ಅಷ್ಟ. ಇದನ್ನ ಮನ್ಯಾಗೂ ಮಾಡಿ ನೋಡಬಹುದು: ತಿರುವಿದ ಮ್ಯಾಲ ಬರದು ಮತ್ತ ಒಣಗಿದ್ರ ಗಡಬಡಿ ಹಿಂದ ಶಾಯಿ ಬರೂ ದಾರ್ಯಾಗ ಐತಿ, ಹಾಳಿಗೆ ಊರಿದ ಮೊದಲ್ನೇ ಗೆರಿ ಅಷ್ಟ ತಪ್ಪಿ ಮುಂದ ಸರಿ ಬರದ್ರ ನಿಬ್ಬಿನ ತುದಿ ಜಾಸ್ತಿ ಪಾಲಿಶ್ ಆಗಿರ್ತೈತಿ, ಅದಕ್ಕ ಬೇಬಿ ಬಾಟಮ್ ಅಂತಾರ.

ಆಮ್ಯಾಲ ರಬ್ಬರ್ ಬಲ್ಬ್ ತಗೊಂಡು ತಣ್ಣೀರಾಗ ಪಾತ್ರೆ ತೊಳಿಯೂ ಲಿಕ್ವಿಡ್ ಒಂದು ಹನಿ ಹಾಕಿ ನಿಬ್ಬಿನ ಭಾಗದ ಒಳಗ ಪುಸ್ ಪುಸ್ ಅಂತ ಒತ್ತಿದ್ರು, ಹೊಸಾ ಪೆನ್ನಿನ್ಯಾಗೂ ಕಾರ್ಖಾನಿ ಎಣ್ಣಿ ಉಳ್ದಿರ್ತೈತಿ, ಅದು ಶಾಯಿ ಹರಿಯಾಕ ಬಿಡೂದಿಲ್ಲ. ಬಿಸಿನೀರು ಮಾತ್ರ ಹಾಕ್ಬ್ಯಾಡ್ರಿ, ಪ್ಲಾಸ್ಟಿಕ್ ನಾಲಿಗಿ ಸೊಟ್ಟಾಗ್ತೈತಿ. ಕಡೀಕ ಲೆನ್ಸ್ ಹಚ್ಚಿ ನಿಬ್ಬಿನ ಸೀಳು ನೋಡಿದ್ರು. ಅದು ತುದಿ ಕಡೆ ಹೋದಂಗ ಸಣ್ಣಾಗ್ಬೇಕು, ತುದ್ಯಾಗ ಸೀಳಿನ ಆ ಕಡೆ ಈ ಕಡೆ ಇರೂ ಎರಡೂ ಹಲ್ಲು ಬರೇ ತಾಗಿದಂಗಿರಬೇಕು, ನಂದು ನಡುವಿಂದ್ಲೇ ಬಿಗಿಯಾಗಿತ್ತು. 0.05 ಮಿಲಿಮೀಟರ್ ದಪ್ಪದ ಹಿತ್ತಾಳಿ ತಗಡು ಸೀಳಿನ್ಯಾಗ ಹಗೂರಕ ಆಡ್ಸಿದ್ರು, ಬ್ಲೇಡ್ ಅಲ್ಲ, ಬ್ಲೇಡ್ ಹಾಕಿದ್ರ ಸೀಳು ಕೆರದು ಹಾಳಾಗ್ತೈತಿ.

ಶಾಯಿ ಯಾವ್ದು ಅಂತ ಕೇಳಿದ್ರು, ಪೆಲಿಕನ್ 4001 ಅಂದೆ. ಅದು ಮೊದ್ಲ ಡ್ರೈ ಶಾಯಿ, ಅಂದ್ರ ಕಡಿಮಿ ಹರಿಯೂದು, ಜಾಸ್ತಿ ಹರಿಯೂ ಪೆನ್ನಿಗೆ ಛಲೋ, ಇಂಥ ಬಿಗಿ ಪೆನ್ನಿಗೆ ವಾಟರ್‌ಮನ್ ನೀಲಿ ಹಾಕ್ರಿ ಅಂದ್ರು. ನನ್ನ ಬಾಜೂಕ ನಿಂತಿದ್ದ ಹುಡುಗ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ತುಂಬ್ಕೊಂಡು ಬಂದಿದ್ದ, ಅದ್ರಾಗಿನ ಅರಗು ಒಳಗ ಗಟ್ಟಿಯಾಗಿ ಕುಂತಿರ್ತೈತಿ, ಅಕ್ಕಾರು ಪೆನ್ ಒಮ್ಮೆ ನೋಡಿ ಸೀದಾ ವಾಪಸ್ ಕೊಟ್ರು.

ಒಂದು ಸ್ಟಾರ್ ಯಾಕ ಕಟ್ ಅಂದ್ರ, ಟೆಸ್ಟ್ ಮಾಡಾಕ ಅಗ್ಗದ ರಫ್ ನೋಟ್‌ಬುಕ್ ಇಟ್ಟಾರ, ಆ ಹಾಳಿ ಮಸಿ ಹೀರ್ಕೋತೈತಿ, ಅದ್ರ ಮ್ಯಾಲ ಎಂಥಾ ಪೆನ್ನೂ ಜೋರ್ ಬರದಂಗ ಕಾಣ್ತೈತಿ. ನೀವು ದಿನಾ ಬರಿಯೂ ಹಾಳಿ ಒಯ್ದು ಅದ್ರ ಮ್ಯಾಲ ಒಂದು ಪೂರಾ ಪೇಜ್ ಬರದು ನೋಡಿ ಆಮ್ಯಾಲ ರೊಕ್ಕ ಕೊಡ್ರಿ. ನಾ ಕೊಟ್ಟಿದ್ದು ಎಂಬತ್ತು ರೂಪಾಯಿ. ಬೇಬಿ ಬಾಟಮ್ ಇದ್ರ ಇವ್ರು ತಿಕ್ಕಿ ಕೊಡೂದಿಲ್ಲ, ಅದನ್ನ ಮೊದ್ಲ ಹೇಳಿ ಬಿಡ್ತಾರ. ವಾಟರ್‌ಮನ್ ಇವ್ರ ಹತ್ರನ ಇಲ್ಲ, ಸಾಲಿ ಹುಡುಗ್ರ ಶಾಯಿ ಅಷ್ಟ. ಗಾಡಿ ದೂರ ಹಚ್ಚಿ ನಡ್ಕೋತ ಬರ್ರಿ, ಸಂಜಿ ಮುಂದ ಆ ಓಣ್ಯಾಗ ಸೈಕಲ್ ತಿರುವಾಕೂ ಜಾಗ ಸಿಗೂದಿಲ್ಲ.