ಕಾಲು ಅಳತೆಯ ಪೈಪರ್ ಕಬ್‌ಗೆ ಡಿಎಲ್‌ಇ 30: ಕೋಲಾರದಲ್ಲಿ ಕೆಲವು ವರ್ಷ ಹಾರಿಸಿದ ಮೇಲೆ

ದೊಡ್ಡ ಆರ್‌ಸಿ (ರೇಡಿಯೊದಿಂದ ನಡೆಸುವ) ಮಾದರಿ ವಿಮಾನಕ್ಕೆ ಎಂಜಿನ್ ಹುಡುಕುವವರು ಮೊದಲು ಕೇಳೋದು ಎಷ್ಟು ಹಾರ್ಸ್‌ಪವರ್ ಅಂತ. ನಾನು ಮೊದಲು ನೋಡುವುದು ಅದರ ತೂಕ. ನನ್ನ ಕಬ್‌ನಲ್ಲಿ (ಪೈಪರ್ ಜೆ-3 ಕಬ್ ಎಂಬ ಹಳೆಯ ಅಮೆರಿಕನ್ ಚಿಕ್ಕ ವಿಮಾನದ ಮಾದರಿ) ಡಿಎಲ್‌ಇ ಕಂಪನಿಯ 30 ಸಿಸಿ ಪೆಟ್ರೋಲ್ ಎಂಜಿನ್ ಕೂತು ಕೆಲವು ವರ್ಷಗಳಾದವು. ಇವತ್ತಿಗೂ ಅದೇ ಎಂಜಿನ್, ಅದೇ ವಿಮಾನ. ಇವೆರಡೂ ಇಷ್ಟು ಚೆನ್ನಾಗಿ ಹೊಂದಿಕೊಂಡಿವೆ ಅಂದರೆ ಅದಕ್ಕೆ ಕಾರಣ ಬ್ಯಾಲೆನ್ಸ್, ಅಂದರೆ ಮೂತಿಯ ಭಾರಕ್ಕೂ ಬಾಲದ ಭಾರಕ್ಕೂ ಇರುವ ಸಮತೋಲನ.

ಅಸಲಿ ಜೆ-3 ಕಬ್‌ನ ರೆಕ್ಕೆ 35 ಅಡಿ 3 ಅಂಗುಲ. ಅದರ ಕಾಲು ಭಾಗ ಅಂದರೆ ಹೆಚ್ಚುಕಡಿಮೆ 2.7 ಮೀಟರ್. ನನ್ನ ವಿಮಾನ ಪೆಟ್ರೋಲ್ ಇಲ್ಲದೆ 8 ಕೆ.ಜಿ. ತೂಗುತ್ತದೆ. 30 ಸಿಸಿ ಎಂಜಿನ್ನಿಗೆ ಕಂಪನಿ ಹೇಳುವುದು 3.7 ಹಾರ್ಸ್‌ಪವರ್. ನಮ್ಮ ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರ. ಗಾಳಿ ತೆಳು ಇರುವುದರಿಂದ ಇಲ್ಲಿ ಅಷ್ಟೂ ಶಕ್ತಿ ಸಿಗಲ್ಲ, ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಕಡಿಮೆಯಾಗುತ್ತದೆ. ಆದರೂ 18 ಅಂಗುಲ ಉದ್ದದ (18x8) ಮರದ ಪ್ರೊಪೆಲ್ಲರ್ ಹಾಕಿದರೆ ವಿಮಾನ ಅರ್ಧ ಥ್ರಾಟಲ್‌ನಲ್ಲೇ ಆರಾಮಾಗಿ ತಿರುಗಾಡುತ್ತದೆ. ಅಸಲಿ ಕಬ್‌ಗೇ 65 ಹಾರ್ಸ್‌ಪವರ್ ಸಾಕಾಗಿತ್ತು, ಅಲ್ವಾ?

ಹಾಗಾದರೆ 55 ಸಿಸಿ ಯಾಕೆ ಬೇಡ? ಬಂಗಾರಪೇಟೆಯಿಂದ ಬರುವ ಗೆಳೆಯನೊಬ್ಬ ಇದನ್ನೇ ಕೇಳಿದ: "ಅಣ್ಣಾ, ಹೇಗೂ ಮೂತಿಗೆ ಸೀಸ ಕಟ್ಟಬೇಕು. ಅದರ ಬದಲು ದೊಡ್ಡ ಎಂಜಿನ್ನೇ ಹಾಕಿದ್ರೆ ಆಗಲ್ವಾ?" ಪ್ರಶ್ನೆ ಸರಿಯಾಗೇ ಇದೆ. 30 ಸಿಸಿ ಎಂಜಿನ್ ಸುಮಾರು 900 ಗ್ರಾಂ. 55 ಅದಕ್ಕಿಂತ ಅರ್ಧ ಕೆ.ಜಿ.ಯಷ್ಟು ಜಾಸ್ತಿ. ಮೊದಲನೇ ಮಹಾಯುದ್ಧದ ಮಾದರಿಗಳಂಥ ತೀರಾ ಗಿಡ್ಡ ಮೂತಿಯ ವಿಮಾನಕ್ಕೆ ನಾನೂ ದೊಡ್ಡದನ್ನೇ ಹಾಕು ಅನ್ನುತ್ತೇನೆ. ಕಬ್‌ಗೆ ಬೇಡ. ಅಷ್ಟು ದೊಡ್ಡ ಸಿಂಗಲ್ ಸಿಲಿಂಡರ್‌ನ ನಡುಕವನ್ನು ಬಾಲ್ಸಾ ಮರದ ಕಟ್ಟಿನ ಹಗುರ ಮೈ ವರ್ಷಗಟ್ಟಲೆ ತಡೆಯಬೇಕು. 22 ಅಂಗುಲದ ಪ್ರೊಪೆಲ್ಲರ್‌ಗೆ ನೆಲದಿಂದ ಅಂತರ ಬೇರೆ ಸಾಲದು. ಮೂತಿಗೆ ಭಾರ ಸೇರಿಸುವ ಮೊದಲು ಬಾಲದ ಭಾರ ಇಳಿಸು ಅಂತ ಅವನಿಗೆ ಹೇಳಿದೆ.

ಅದರ ಲೆಕ್ಕ ಇಷ್ಟೇ. ಕಬ್‌ನ ಮೂತಿ ಗಿಡ್ಡ, ಬಾಲ ಉದ್ದ. ನನ್ನದರಲ್ಲಿ ಸಿ.ಜಿ.ಯಿಂದ (ಗುರುತ್ವ ಕೇಂದ್ರ, ಅಂದರೆ ವಿಮಾನ ಸಮತೋಲನದಲ್ಲಿ ನಿಲ್ಲುವ ಜಾಗ) ಎಂಜಿನ್ 38 ಸೆಂ.ಮೀ. ಮುಂದೆ, ಬಾಲದ ಸರ್ವೊಗಳು (ಚುಕ್ಕಾಣಿ ಆಡಿಸುವ ಚಿಕ್ಕ ಮೋಟರುಗಳು) ಇದ್ದ ಜಾಗ 110 ಸೆಂ.ಮೀ. ಹಿಂದೆ. ಬಾವಿಯ ಏತದ ಹಾಗೆ, ಉದ್ದನೆ ತುದಿಯ ಚಿಕ್ಕ ತೂಕಕ್ಕೆ ಗಿಡ್ಡ ತುದಿಯಲ್ಲಿ ದೊಡ್ಡ ತೂಕವೇ ಬೇಕು. ಬಾಲದಲ್ಲಿ 100 ಗ್ರಾಂ ಹೆಚ್ಚಾದರೆ ಮೂತಿಗೆ ಸುಮಾರು 300 ಗ್ರಾಂ ಕಟ್ಟಬೇಕು. 60 ಗ್ರಾಂನ ಎರಡು ಸರ್ವೊಗಳನ್ನು ಬಾಲದಿಂದ ತೆಗೆದು ಕ್ಯಾಬಿನ್‌ಗೆ ತಂದು, ಅಲ್ಲಿಂದ ಹಿಂದಕ್ಕೆ ತಂತಿ ಎಳೆದೆ. ಅಷ್ಟರಲ್ಲೇ ಮೂತಿಯ 350 ಗ್ರಾಂ ಸೀಸ ಉಳಿಯಿತು. ಕಿಡಿ ಹುಟ್ಟಿಸುವ ಇಗ್ನಿಷನ್ ಡಬ್ಬಿ, ಅದರ ಬ್ಯಾಟರಿ ಎರಡನ್ನೂ ಎಂಜಿನ್ ಪಕ್ಕಕ್ಕೆ ಸರಿಸಿದೆ. ಕೊನೆಗೆ ಕಟ್ಟಿದ ಸೀಸ 100 ಗ್ರಾಂ ಕೂಡ ಇಲ್ಲ. ರೇಡಿಯೊ ಸಿಗ್ನಲ್ ಹಿಡಿಯುವ ರಿಸೀವರ್ ಮಾತ್ರ ಇಗ್ನಿಷನ್‌ನಿಂದ ಕನಿಷ್ಠ 30 ಸೆಂ.ಮೀ. ದೂರ ಇರಲಿ. ಥ್ರಾಟಲ್ ಕಡ್ಡಿ ಲೋಹದ್ದು ಬೇಡ, ಪ್ಲಾಸ್ಟಿಕ್ ಹಾಕಿ. ಕಿಡಿಯ ವಿದ್ಯುತ್ ಗದ್ದಲ ಲೋಹದ ಕಡ್ಡಿಯ ಮೂಲಕ ಸರ್ವೊವರೆಗೂ ಬರುತ್ತದೆ.

ಇನ್ನು ತೂಗುವ ರೀತಿ. 8 ಕೆ.ಜಿ. ವಿಮಾನವನ್ನು ರೆಕ್ಕೆ ಕೆಳಗೆ ಎರಡು ಬೆರಳಿಟ್ಟು ಎತ್ತಿ ನೋಡಿದರೆ ಸಣ್ಣ ವ್ಯತ್ಯಾಸ ಗೊತ್ತಾಗಲ್ಲ. ನಾನು ಮುಂದಿನ ಚಕ್ರಗಳ ಕೆಳಗೆ ಎರಡು, ಬಾಲದ ಚಕ್ರದ ಕೆಳಗೆ ಒಂದು ತಕ್ಕಡಿ ಇಡುತ್ತೇನೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕು. ಬಾಲವನ್ನು ಹಲಗೆ ಇಟ್ಟು ಎತ್ತಿ, ಮೈ ಹಾರುವಾಗಿನ ಹಾಗೆ ಮಟ್ಟವಾಗಿರಬೇಕು. ಬಾಲದಲ್ಲಿ ಬಂದ ತೂಕವನ್ನು ಮುಂದಿನ ಚಕ್ರದ ಅಚ್ಚಿನಿಂದ ಬಾಲದ ಚಕ್ರದವರೆಗಿನ ದೂರದಿಂದ ಗುಣಿಸಿ, ಒಟ್ಟು ತೂಕದಿಂದ ಭಾಗಿಸಿ. ನನ್ನದರಲ್ಲಿ ಬಾಲ 700 ಗ್ರಾಂ, ದೂರ 120 ಸೆಂ.ಮೀ., ಒಟ್ಟು 8,000 ಗ್ರಾಂ. ಉತ್ತರ 10.5 ಸೆಂ.ಮೀ. ಮುಂದಿನ ಚಕ್ರದ ಅಚ್ಚಿನಿಂದ ಸಿ.ಜಿ. ಅಷ್ಟು ಹಿಂದಿದೆ. ಅಚ್ಚು ರೆಕ್ಕೆಯ ಮುಂದಿನ ಅಂಚಿಗಿಂತ ಒಂದೂವರೆ ಸೆಂ.ಮೀ. ಹಿಂದೆ, ಹಾಗಾಗಿ ಅಂಚಿನಿಂದ 12 ಸೆಂ.ಮೀ. 40 ಸೆಂ.ಮೀ. ಅಗಲದ ರೆಕ್ಕೆಗೆ ಇದು ಶೇ. 30. ಕಬ್‌ಗೆ ತುಂಬಾ ಹೊಂದುವ ಜಾಗ.

ಟ್ಯಾಂಕ್ ಖಾಲಿ ಇಟ್ಟೇ ತೂಗಿ. ಕಬ್‌ನಲ್ಲಿ ಟ್ಯಾಂಕ್ ಸಿ.ಜಿ.ಗಿಂತ ಮುಂದೆ ಇರುತ್ತದೆ. ಅರ್ಧ ಲೀಟರ್ ಪೆಟ್ರೋಲ್ ಸುಮಾರು 370 ಗ್ರಾಂ. ಅದು ಉರಿದು ಮುಗಿಯುವ ಹೊತ್ತಿಗೆ ಸಿ.ಜಿ. ಹೆಚ್ಚುಕಡಿಮೆ ಒಂದು ಸೆಂ.ಮೀ. ಹಿಂದೆ ಜಾರುತ್ತದೆ. ಇಳಿಸುವಾಗ, ವೇಗ ಕಡಿಮೆ ಇರುವಾಗಲೇ ವಿಮಾನ ಬಾಲದ ಕಡೆ ಭಾರವಾದರೆ ಕೈಗೆ ಸಿಗಲ್ಲ.

ಕಿಡಿಯ ಬದಲು ಕಾದ ಪ್ಲಗ್‌ನಿಂದ ಓಡುವ ಗ್ಲೋ ಎಂಜಿನ್ ಕೂಡ ಚೆನ್ನಾಗಿರುತ್ತದೆ, ಆದರೆ ಅದಕ್ಕೆ ಮೆಥನಾಲ್, ನೈಟ್ರೊಮೀಥೇನ್ ಎಲ್ಲಿಂದ ತರೋದು? ಪೆಟ್ರೋಲ್ ಆದರೆ ಬಂಕ್‌ನಲ್ಲೇ ಸಿಗುತ್ತದೆ. ಲೀಟರಿಗೆ 33 ಮಿ.ಲೀ. ಟು-ಸ್ಟ್ರೋಕ್ ಆಯಿಲ್ ಬೆರೆಸಿದರೆ ಆಯ್ತು. ಗ್ಲೋಗೆ ಬಳಸುವ ಸಿಲಿಕೋನ್ ಪೈಪ್ ಪೆಟ್ರೋಲಿಗೆ ಉಬ್ಬಿ ಹಾಳಾಗುತ್ತದೆ, ಪೆಟ್ರೋಲ್ ತಡೆಯುವ ಟೈಗಾನ್ ಪೈಪೇ ಹಾಕಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಾರಿಸಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಯೇ ಮನೆಗೆ ತರುತ್ತೇನೆ.

ನಾವು ಮೊದಲು ಒಣಗಿದ ಕೆರೆ ಅಂಗಳದಲ್ಲಿ ಹಾರಿಸುತ್ತಿದ್ದೆವು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬರಲು ಶುರುವಾದ ಮೇಲೆ ಎಷ್ಟೋ ಕೆರೆಗಳು ತುಂಬಿದವು. ಜಿಲ್ಲೆಗೆ ಅದು ದೊಡ್ಡ ಸಂತೋಷ. ಈಗ ರಾಗಿ ಕೊಯ್ಲು ಮುಗಿದ ಹೊಲಗಳಲ್ಲಿ, ಹೊಲದವರನ್ನು ಕೇಳಿ, ಹಾರಿಸುತ್ತೇವೆ. ಟೊಮೆಟೊ ಗಿಡಕ್ಕೆ ಕೊಡುವ ನೀಲಗಿರಿ ಕೋಲಿಗೆ ಬಟ್ಟೆ ಕಟ್ಟಿದರೆ ಗಾಳಿಯ ದಿಕ್ಕು ಗೊತ್ತಾಗುತ್ತದೆ. ಕೆಂಪು ಧೂಳು ಮಾತ್ರ ಜಾಸ್ತಿ. ಕಾರ್ಬ್ಯುರೇಟರ್ ಬಾಯಿಯ ಜಾಲರಿಯನ್ನು ಪ್ರತಿ ಸಲ ಒರೆಸಬೇಕು.

ಎಂಜಿನ್ ಇವತ್ತಿಗೂ ಕೈಯಿಂದ ತಿರುವಿದರೆ ಬೇಗ ಹತ್ತಿಕೊಳ್ಳುತ್ತದೆ. ಪ್ರೊಪೆಲ್ಲರ್ ಬೋಲ್ಟ್‌ಗಳನ್ನು ಹಾರಿಸುವ ದಿನವೆಲ್ಲಾ ಬಿಗಿ ಮಾಡಿ ನೋಡುತ್ತೇನೆ, ಮರ ಒತ್ತಿಕೊಂಡು ಸಡಿಲವಾಗುತ್ತದೆ. ಬಿಡಿಭಾಗದ ವಿಷಯದಲ್ಲಿ ಒಂದು ಬೇಸರ ಇದೆ. ಕಾರ್ಬ್ಯುರೇಟರ್ ಒಳಗಿನ ತೆಳು ಪೊರೆ (ಡಯಾಫ್ರಮ್) ಗಟ್ಟಿಯಾದಾಗ ಅಂಗಡಿಯೊಂದು ದುಡ್ಡು ತಗೊಂಡು ತಿಂಗಳುಗಟ್ಟಲೆ ಕಾಯಿಸಿತು, ಹಾರಿಸೋ ಕಾಲವೆಲ್ಲಾ ಹಾಗೇ ಕಳೆಯಿತು. ಕೊಳ್ಳುವವರು ಡಯಾಫ್ರಮ್ ಕಿಟ್ ಮತ್ತು ಒಂದು ಸ್ಪಾರ್ಕ್ ಪ್ಲಗ್ ಅನ್ನು ಎಂಜಿನ್ ಜೊತೆಗೇ ತರಿಸಿಟ್ಟುಕೊಳ್ಳಿ.