ನೀಲಿ ಮೀಟರಿನ ಮ್ಯಾಕಿಂಟಾಷ್, ಚಿನ್ನದ ಬಣ್ಣದ ಅಕ್ಯುಫೇಸ್: ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದಾಗ

ಮನೆಯಲ್ಲಿ ಒಳ್ಳೆಯ ದನಿಯಲ್ಲಿ ಹಾಡು ಕೇಳುವ ಹೈಫೈ ಹುಚ್ಚಿರುವವರ ನಡುವೆ ಅಮೆರಿಕದ ಆಂಪ್ಲಿಫೈಯರ್ (ಆಂಪ್) ಕಂಪನಿ ಮ್ಯಾಕಿಂಟಾಷ್ ಹೆಸರು ಬಂದರೆ ಸಾಕು, ಎರಡು ಗುಂಪಾಗುತ್ತವೆ. ‘ಮ್ಯಾಕ್’ ದನಿ ಬೆಚ್ಚಗಿರುತ್ತದೆ, ಆ ಗುಣ ಬೇರೆ ಯಾವುದಕ್ಕೂ ಇಲ್ಲ ಅನ್ನುವವರು ಒಂದು ಕಡೆ. ದುಡ್ಡೆಲ್ಲ ಆಂಪಿನ ಮುಂದೆ ಹೊಳೆಯುವ ಆ ನೀಲಿ ಮೀಟರಿಗೇ ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಮಾತು ಕೇಳಿ ಸಾಕಾಗಿತ್ತು.

ನಾನಿರುವುದು ನ್ಯೂಜೆರ್ಸಿಯಲ್ಲಿ. 1949ರಲ್ಲಿ ಫ್ರಾಂಕ್ ಮ್ಯಾಕಿಂಟಾಷ್ ಶುರು ಮಾಡಿದ ಕಂಪನಿಯ ಕಾರ್ಖಾನೆ ಬಿಂಗಮ್ಟನ್ನಿನಲ್ಲಿದೆ, ಇಲ್ಲಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ. ನನ್ನ ಬಳಿ ಆ ಕಂಪನಿಯ ಸೆಕೆಂಡ್ ಹ್ಯಾಂಡ್ ಎಂಎ8900 ಆಂಪ್ ಇದೆ. ಗೆಳೆಯನ ಬಳಿ ಜಪಾನಿನ ಅಕ್ಯುಫೇಸ್ ಕಂಪನಿಯ ಇ-380 ಆಂಪ್. ಒಂದು ಶನಿವಾರ ಅವನು ಅದನ್ನು ಹೊತ್ತು ತಂದ. ಮ್ಯಾಕ್ 34 ಕೆಜಿ, ಅಕ್ಯುಫೇಸ್ ಹತ್ತಿರಹತ್ತಿರ 23. ಆದ್ದರಿಂದ ಅವನೇ ಬರುವುದು ಅಂತ ಮೊದಲೇ ಮಾತಾಗಿತ್ತು.

ಹಿಂದೆ ಒಂದು ಅಂಗಡಿಯಲ್ಲಿ ದುಬಾರಿ ಆಂಪನ್ನು ಸ್ವಲ್ಪ ಜೋರಾಗಿ ಇಟ್ಟು ಕೇಳಿಸಿದ್ದರು. ಅರ್ಧ ಡೆಸಿಬೆಲ್ ಜಾಸ್ತಿ ಇದ್ದರೂ ನಮ್ಮ ಕಿವಿ ಅದನ್ನು ‘ಜೋರು’ ಅನ್ನುವುದಿಲ್ಲ, ‘ಚೆನ್ನಾಗಿದೆ’ ಅನ್ನುತ್ತದೆ. ಆ ಮೋಸ ಮತ್ತೆ ಆಗಬಾರದು ಅಂತ ಈ ಸಲ 1 ಕಿಲೋಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಹಿಡಿದು, ಎರಡರ ವೋಲ್ಟೇಜನ್ನೂ ಸಮ ಮಾಡಿದೆವು. ಯಾವುದು ಓಡುತ್ತಿದೆ ಅಂತ ಕಾಣದ ಹಾಗೆ ಬಟ್ಟೆ ಮುಚ್ಚಿದೆವು.

ಮೊದಲು ಚಿಕ್ಕ ಹಾರ್ಬೆತ್ ಪಿ3 ಸ್ಪೀಕರ್. ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದೆವು. ಹತ್ತು ಸಲ ಬದಲಿಸಿದರೆ ನಾನು ಸರಿಯಾಗಿ ಹೇಳಿದ್ದು ಆರು ಸಲ, ಗೆಳೆಯ ಐದು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ, ಅಲ್ವಾ? ದನಿಯ ದಪ್ಪ, ತೆಳುವು ತಿದ್ದುವ ಟೋನ್ ಗುಂಡಿಗಳು ಸೊನ್ನೆಯಲ್ಲಿದ್ದಾಗ ಆ ‘ಬೆಚ್ಚಗಿನ ದನಿ’ ನನಗೆ ಸಿಗಲಿಲ್ಲ.

ಆಮೇಲೆ ಮ್ಯಾಗ್ನೆಪ್ಯಾನ್ ಎಲ್ಆರ್‌ಎಸ್ ಸ್ಪೀಕರ್. ಇದು 4 ಓಮ್‌ನ ಸ್ಪೀಕರ್, ಕರೆಂಟ್ ಜಾಸ್ತಿ ಕೇಳುತ್ತದೆ. ನನ್ನ ಹಳೆಯ 50 ವ್ಯಾಟಿನ ನ್ಯಾಡ್ ಆಂಪಿನಲ್ಲಿ ತವಿಲ್ ಜೋರಾದ ಕೂಡಲೇ ದನಿ ಗಡುಸಾಗುತ್ತಿತ್ತು. ಅಕ್ಯುಫೇಸ್ 4 ಓಮ್‌ಗೆ 180 ವ್ಯಾಟ್ ಕೊಡುತ್ತದೆ, ಮ್ಯಾಕ್ 200. ಎರಡೂ ಸಲೀಸಾಗಿ ಎಳೆದವು.

ಮ್ಯಾಕ್ ಬಗ್ಗೆ ದೊಡ್ಡ ಜಗಳ ಇರುವುದು ಆಟೋಫಾರ್ಮರ್ ವಿಷಯದಲ್ಲಿ. ಟ್ರಾನ್ಸಿಸ್ಟರ್ ಮತ್ತು ಸ್ಪೀಕರ್ ನಡುವೆ ಕೂರುವ ತಾಮ್ರದ ಸುರುಳಿ ಅದು. ಆಂಪಿನ ಹಿಂಬದಿಯಲ್ಲಿ 2, 4, 8 ಓಮ್ ಸ್ಪೀಕರ್‌ಗಳಿಗೆ ಬೇರೆಬೇರೆ ಟರ್ಮಿನಲ್ ಇವೆ. ಸ್ಪೀಕರ್ ಎಷ್ಟು ಓಮ್‌ನದೋ ಆ ಟರ್ಮಿನಲ್‌ಗೆ ಜೋಡಿಸಿದರೆ ಯಾವುದರಲ್ಲೂ 200 ವ್ಯಾಟೇ ಬರುತ್ತದೆ, ಟ್ರಾನ್ಸಿಸ್ಟರಿಗೆ ಬೀಳುವ ಹೊರೆಯೂ ಅಷ್ಟೇ ಇರುತ್ತದೆ. ಇದರಿಂದ ಬಾಸ್ ಮೆತ್ತಗಾಗುತ್ತದೆ ಅನ್ನುವ ದೂರಿದೆ. ನಾವು ಮೃದಂಗದ ತೊಪ್ಪಿಯ ಪೆಟ್ಟನ್ನು ಮತ್ತೆಮತ್ತೆ ಕೇಳಿದೆವು. ನನಗಂತೂ ಮೆತ್ತಗೆ ಅನಿಸಲಿಲ್ಲ.

ರಾತ್ರಿ ಹನ್ನೊಂದರ ಮೇಲೆ ಅಕ್ಯುಫೇಸ್ ಗೆದ್ದಿತು. ಅದರ ವಾಲ್ಯೂಮ್ ಗುಂಡಿಯಲ್ಲಿ ದನಿ ಹಾದುಹೋಗುವುದೇ ಇಲ್ಲ. ಒಳಗೆ ಹದಿನಾರು ಪುಟ್ಟ ಸರ್ಕ್ಯೂಟ್‌ಗಳಿವೆ. ಅವನ್ನು ಬೇರೆಬೇರೆ ರೀತಿ ಆನ್, ಆಫ್ ಮಾಡಿ ದನಿ ಏರಿಸಿ ಇಳಿಸುತ್ತದೆ. ಮಕ್ಕಳು ಮಲಗಿರುವಾಗ ತೀರಾ ಸಣ್ಣಗೆ ಇಟ್ಟರೂ ಎಡಬಲ ಸಮವಾಗಿತ್ತು. ಹಿಸ್ ಅನ್ನುವ ಸದ್ದು ಸ್ವಲ್ಪವೂ ಇರಲಿಲ್ಲ.

ಆದರೂ ನಾನು ಮ್ಯಾಕನ್ನು ಬಿಡುವುದಿಲ್ಲ. ಕಾರಣ ಮುಂದಿರುವ ಐದು ಟೋನ್ ಗುಂಡಿಗಳು. ನಾನು ಜಾಸ್ತಿ ಕೇಳುವುದು ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗ್‌ಗಳನ್ನು. ಹಲವು ತೆಳುವಾಗಿವೆ, ಮೇಲಿನ ಸ್ವರ ಕಿವಿಗೆ ಚುಚ್ಚುತ್ತದೆ. 2 ಕಿಲೋಹರ್ಟ್ಸ್ ಗುಂಡಿ ಚೂರು ಇಳಿಸಿ, 125 ಹರ್ಟ್ಸ್ ಚೂರು ಏರಿಸಿದೆ. ಎದೆಯಿಂದ ಬರುವ ಆ ದನಿ ಕೋಣೆ ತುಂಬಿತು. ತಂಬೂರಿಯೂ ಕೇಳಿಸಿತು. ಅಕ್ಯುಫೇಸ್‌ನಲ್ಲಿರುವ ಬಾಸ್, ಟ್ರೆಬಲ್ ಎರಡೇ ಗುಂಡಿಗಳಲ್ಲಿ ಎಷ್ಟು ಒದ್ದಾಡಿದರೂ ಇದು ಆಗಲಿಲ್ಲ. ಮ್ಯಾಕ್‌ನ ಬೆಚ್ಚಗಿನ ದನಿ ಅಂತ ಜನ ಹೇಳುವುದು ಬಹುಶಃ ಈ ಗುಂಡಿಗಳು ಸೊನ್ನೆಯಿಂದ ಆಚೀಚೆ ಇದ್ದಾಗಿನದು.

ಹೊಸ ರೆಕಾರ್ಡಿಂಗ್‌ಗಳನ್ನೇ ಕೇಳುವವರು, ರಾತ್ರಿ ಸಣ್ಣಗೆ ಕೇಳುವವರು ಅಕ್ಯುಫೇಸ್ ತಗೊಳ್ಳಿ. ಗೆಳೆಯ ಅವತ್ತು ಬೆಳಗಿನ ಜಾವ ಎರಡಕ್ಕೆ ಹೊರಟ. ಹೋಗುವ ಮೊದಲು ಮನ್ಸೂರರದ್ದೇ ಇನ್ನೊಂದು ಹಾಕಿಸಿಕೊಂಡು ಪೂರ್ತಿ ಕೇಳಿದ.