ನೋವಿದ್ದರೆ ಹಡಗಿನಲ್ಲೇ ಬರೆಸಿ, ಇಳಿದ ಮೇಲೆ ಯಾರೂ ಕೇಳಲ್ಲ

ಕ್ರೂಸ್ ಹಡಗಿನಲ್ಲಿ ಕಾಂಟ್ರಾಕ್ಟ್ ಮುಗಿಸಿ ಇನ್ನೇನು ಊರಿಗೆ ಹೊರಡುತ್ತಿರುವ ಮಂಡ್ಯ, ಮೈಸೂರು ಕಡೆಯ ಹುಡುಗರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಅಣ್ಣನೋ ತಮ್ಮನೋ ಹಡಗಿನಲ್ಲಿದ್ದರೆ ಅವರಿಗೂ ಕಳಿಸಿ. ನಾನು 9 ತಿಂಗಳ ಕಾಂಟ್ರಾಕ್ಟ್ ಮುಗಿಸಿ ಬಂದು ಈಗ 4 ತಿಂಗಳಾಯಿತು. ಇವತ್ತಿಗೂ ಅರ್ಧ ಗಂಟೆಗಿಂತ ಜಾಸ್ತಿ ಒಂದೇ ಕಡೆ ಕೂರಲು ಆಗುತ್ತಿಲ್ಲ. ಇದನ್ನೂ ಮಧ್ಯೆ ಮಧ್ಯೆ ಎದ್ದು ಓಡಾಡಿಕೊಂಡೇ ಬರೆಯುತ್ತಿದ್ದೇನೆ.

ನನ್ನ ಊರು ಶ್ರೀರಂಗಪಟ್ಟಣದ ಹತ್ತಿರ. ಮೈಸೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿ, ಅಲ್ಲೇ ಎರಡು ವರ್ಷ ಕೆಲಸ ಮಾಡಿ ಆಮೇಲೆ ಹಡಗಿಗೆ ಹೋದೆ. ಗ್ಯಾಲಿಯಲ್ಲಿ ಯುಟಿಲಿಟಿ ಕೆಲಸ. ಗ್ಯಾಲಿ ಅಂದರೆ ಹಡಗಿನ ಅಡುಗೆಮನೆ. ಪಾತ್ರೆ ತೊಳೆಯುವುದು, ನೆಲ ಉಜ್ಜುವುದು, ಕಸ ಬೇರೆ ಬೇರೆ ಮಾಡುವುದು, ಸಾಮಾನು ಹೊರುವುದು, ಎಲ್ಲವೂ ನಮ್ಮದೇ. ಹಡಗು ಅಮೆರಿಕದ ಮಯಾಮಿಯಿಂದ ಹೊರಟು ನಸ್ಸಾವು, ಕೊಸುಮೆಲ್ ಬಂದರುಗಳನ್ನೆಲ್ಲ ಸುತ್ತಿ ವಾರಕ್ಕೊಮ್ಮೆ ಮತ್ತೆ ಮಯಾಮಿಗೆ ಬರುತ್ತಿತ್ತು. ದಿನಕ್ಕೆ 10 ಗಂಟೆ, ಕೆಲವು ದಿನ 11 ಗಂಟೆ ಕೆಲಸ. ಭಾನುವಾರ ಇಲ್ಲ, ಹಬ್ಬ ಇಲ್ಲ. 9 ತಿಂಗಳಲ್ಲಿ ಪೂರ್ತಿ ರಜೆ ಅಂತ ಒಂದು ದಿನವೂ ಸಿಗಲಿಲ್ಲ. ಅದು ಗೊತ್ತಿದ್ದೇ ಹೋಗಿದ್ದೆ, ಅದರ ಬಗ್ಗೆ ದೂರಿಲ್ಲ.

ಹೋಗುವಾಗಲೇ ಒಂದು ಮೋಸ ಆಗಿತ್ತು. ಮಧ್ಯವರ್ತಿ ಒಬ್ಬನಿಗೆ 1 ಲಕ್ಷ 80 ಸಾವಿರ ಕೊಟ್ಟೆ. ಅವ್ವನ ಸರ ಅಡ ಇಟ್ಟು ತಂದ ದುಡ್ಡು. ನಾವಿಕರನ್ನು ಕೆಲಸಕ್ಕೆ ಕಳಿಸುವ ಏಜೆಂಟರಿಗೆ ಮುಂಬೈನ ಡಿಜಿ ಶಿಪ್ಪಿಂಗ್, ಅಂದರೆ ಕೇಂದ್ರ ಸರ್ಕಾರದ ಹಡಗು ಇಲಾಖೆ, ಕೊಡುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಬೇಕು, ಲೈಸೆನ್ಸ್ ಇರುವವರೂ ಕೆಲಸ ಕೊಡಿಸಿದ್ದಕ್ಕೆ ನಮ್ಮಿಂದ ಒಂದು ರೂಪಾಯಿ ಫೀಸು ತೆಗೆದುಕೊಳ್ಳುವಂತಿಲ್ಲ. ಇದು ನನಗೆ ತಿಳಿದದ್ದು ದುಡ್ಡು ಕೊಟ್ಟು ವರ್ಷವಾದ ಮೇಲೆ. ಆ ಸಾಲ ತಲೆ ಮೇಲಿದ್ದದ್ದಕ್ಕೇ ಮುಂದಿನದೆಲ್ಲ ಆಯಿತು ಅಂತ ಈಗ ಅನಿಸುತ್ತದೆ, ಯಾಕೆಂದರೆ ಸಾಲ ಇರುವವನು ಕೆಲಸ ಹೋಗುತ್ತದೆ ಅಂದರೆ ಏನನ್ನೂ ಬಾಯಿ ಬಿಡುವುದಿಲ್ಲ.

ಕಾಂಟ್ರಾಕ್ಟ್ ಮುಗಿಯಲು 5 ವಾರ ಇತ್ತು. ಮಯಾಮಿಯಲ್ಲಿ ಟರ್ನ್‌ಅರೌಂಡ್ ದಿನ. ಬೆಳಿಗ್ಗೆ ಹಳೇ ಪ್ರಯಾಣಿಕರು ಇಳಿಯುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಹೊಸಬರು ಹತ್ತುತ್ತಾರೆ, ಅಷ್ಟರಲ್ಲಿ ಒಂದು ವಾರದ ದಿನಸಿ, ತರಕಾರಿ, ಮಾಂಸ ಎಲ್ಲ ಒಳಗೆ ಬರಬೇಕು. ಕ್ರೂ ಓಡಾಡಲು ಹಡಗಿನ ಈ ತುದಿಯಿಂದ ಆ ತುದಿಗೆ ಒಂದು ಉದ್ದನೆ ಕಾರಿಡಾರ್ ಇರುತ್ತದೆ. ಅಮೆರಿಕದ ಹೆದ್ದಾರಿಯ ಹೆಸರನ್ನೇ ಇಟ್ಟು ಅದನ್ನು ಐ-95 ಅನ್ನುತ್ತಾರೆ. ಆ ದಿನ ಅದು ಮೈಸೂರಿನ ದೇವರಾಜ ಮಾರ್ಕೆಟ್‌ನ ಹಬ್ಬದ ಹಿಂದಿನ ದಿನದ ಹಾಗೆ ಇರುತ್ತದೆ. ಪ್ಯಾಲೆಟ್‌ನಿಂದ ಆಲೂಗಡ್ಡೆ ಚೀಲ ಇಳಿಸುತ್ತಿದ್ದೆ. ಒಂದೊಂದು 22 ಕಿಲೋ. ಒದ್ದೆ ನೆಲದಲ್ಲಿ ಕಾಲು ಸ್ವಲ್ಪ ಜಾರಿತು, ಚೀಲ ಬಿಡಲಿಲ್ಲ, ಸೊಂಟದಲ್ಲಿ ಚಳಕ್ ಅಂತ ಹಿಡಿಯಿತು. ಎರಡು ನಿಮಿಷ ಗೋಡೆ ಹಿಡಿದು ನಿಂತೆ. ಉಸಿರು ಎಳೆದುಕೊಂಡರೂ ನೋವು.

ರಾತ್ರಿ ಕ್ಯಾಬಿನ್‌ನಲ್ಲಿ ನನ್ನ ಜೊತೆ ಇದ್ದ ಮಂಗಳೂರಿನ ಹುಡುಗ ಮುಲಾಮು ಹಚ್ಚಿದ. "ಮಾರಾಯ, ಈಗ ಮೆಡಿಕಲ್ ಸೆಂಟರ್‌ಗೆ ಹೋಗಬೇಡ. ಬೆನ್ನುನೋವು ಅಂದರೆ ಮನೆಗೆ ಕಳಿಸಿಬಿಡುತ್ತಾರೆ, ಆಮೇಲೆ ವಾಪಸ್ ಕರೆಯುವುದಿಲ್ಲ. ಇನ್ನು ಐದು ವಾರ ಅಲ್ವಾ, ತಡೆದುಕೋ" ಅಂದ. ಅವನು ಕೆಟ್ಟದ್ದಕ್ಕೆ ಹೇಳಲಿಲ್ಲ. ಹಡಗಿನಲ್ಲಿ ಎಲ್ಲರೂ ಎಲ್ಲರಿಗೂ ಹೇಳುವುದು ಇದನ್ನೇ. ಮಾರನೇ ದಿನ ಸೂಪರ್‌ವೈಸರ್‌ಗೆ ನೋವಿದೆ ಅಂದೆ. ಭಾರ ಎತ್ತಬೇಡ ಅಂತ ಎರಡು ದಿನ ಪಾತ್ರೆ ತೊಳೆಯುವ ಕಡೆ ಹಾಕಿದರು. ಪೆಟ್ಟಾದದ್ದನ್ನು ಬರೆಸುವ ಫಾರ್ಮ್ ತುಂಬುವ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಉಳಿದ ದಿನಗಳನ್ನು ನೋವಿನ ಮಾತ್ರೆ ನುಂಗಿ, ಸೊಂಟಕ್ಕೆ ಟವೆಲ್ ಬಿಗಿದು ಕಳೆದೆ. ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರ್‌ನಲ್ಲಿ ದಿನಾ ಒಂದು ಗೀಟು ಎಳೆಯುತ್ತಿದ್ದೆ.

ಸೈನ್ ಆಫ್ ದಿನ, ಅಂದರೆ ಕಾಂಟ್ರಾಕ್ಟ್ ಮುಗಿಸಿ ಹಡಗು ಇಳಿಯುವ ದಿನ, ಹೇಗಿರುತ್ತದೆ ಅಂತ ಹೋಗಿ ಬಂದವರಿಗೆ ಗೊತ್ತು. ಬೆಳಗಿನ ಜಾವ 4 ಗಂಟೆಗೇ ಎದ್ದು, ಯೂನಿಫಾರ್ಮ್, ಹೆಸರಿನ ಬ್ಯಾಡ್ಜ್, ಕ್ಯಾಬಿನ್ ಕೀ ಎಲ್ಲ ವಾಪಸ್ ಕೊಟ್ಟು, ಬ್ಯಾಗು ಎಳೆದುಕೊಂಡು ಕ್ರೂ ಆಫೀಸ್ ಮುಂದೆ ಸಾಲಲ್ಲಿ ನಿಂತುಕೊಂಡೆ. ಎಲ್ಲರ ಮುಖದಲ್ಲೂ ಮನೆ. ಕೌಂಟರ್‌ನಲ್ಲಿ ಪಾಸ್‌ಪೋರ್ಟ್, ಸಿಡಿಸಿ (ನಾವಿಕರ ಕೆಲಸದ ದಾಖಲೆ ಪುಸ್ತಕ), ಕೊನೆಯ ಸಂಬಳದ ಚೀಟಿ, ಟಿಕೆಟ್ ಕೊಟ್ಟರು. ಜೊತೆಗೆ ನಾಲ್ಕು ಹಾಳೆ. ಇಲ್ಲಿ ಸಹಿ, ಇಲ್ಲಿ ಸಹಿ, ಇಲ್ಲೊಂದು. ಹಿಂದೆ ಎಪ್ಪತ್ತು ಜನ, ಹೊರಗೆ ಏರ್‌ಪೋರ್ಟಿಗೆ ಹೋಗುವ ಬಸ್ಸು. ನಾನು ಓದಲಿಲ್ಲ. ಮೂರನೇ ಹಾಳೆಯಲ್ಲಿ ಇದ್ದದ್ದು ಇಷ್ಟು: ನನ್ನ ಆರೋಗ್ಯ ಚೆನ್ನಾಗಿದೆ, ಈ ಕಾಂಟ್ರಾಕ್ಟ್‌ನಲ್ಲಿ ನನಗೆ ಯಾವ ಗಾಯವೂ ಕಾಯಿಲೆಯೂ ಆಗಿಲ್ಲ, ಕಂಪನಿಯಿಂದ ನನಗೆ ಏನೂ ಬರಬೇಕಾಗಿಲ್ಲ. ಸೊಂಟಕ್ಕೆ ಟವೆಲ್ ಬಿಗಿದುಕೊಂಡೇ ಅದರ ಕೆಳಗೆ ನನ್ನ ಸಹಿ ಹಾಕಿದೆ.

ಮಯಾಮಿಯಿಂದ ದೋಹಾ, ದೋಹಾದಿಂದ ಬೆಂಗಳೂರು. ಮೊದಲನೇ ವಿಮಾನದಲ್ಲೇ 14 ಗಂಟೆ ಹತ್ತಿರ ಕೂರಬೇಕು. ಬೆಂಗಳೂರಿಗೆ ಅಣ್ಣ ಕಾರು ತಂದಿದ್ದ. ಊರಲ್ಲಿ ಇಳಿದು ಜಗುಲಿವರೆಗೆ ನಡೆಯುವುದನ್ನು ನೋಡಿಯೇ ಅವ್ವ, "ಯಾಕ್ಲಾ ಮಗ, ಹಿಂಗೆ ಒಂದ್ ಕಡೆ ವಾಲ್ಕೊಂಡು ನಡೀತಿದ್ದೀಯ?" ಅಂದಳು. ಕೂತು ಕೂತು ಹಿಡಿದುಕೊಂಡಿದೆ ಅವ್ವ ಅಂದೆ. ಅವಳಿಗೂ ಮುಚ್ಚಿಟ್ಟೆ.

ಎಂಟನೇ ದಿನ ನಾಲೆ ಏರಿ ಮೇಲೆ ನಡೆದುಕೊಂಡು ಗದ್ದೆ ಕಡೆ ಹೋಗುತ್ತಿದ್ದಾಗ ಎಡಗಾಲು ಪೂರ್ತಿ ಜೋಮು ಹಿಡಿದು ಅಲ್ಲೇ ಕುಸಿದು ಕೂತೆ. ಮಂಡ್ಯದಲ್ಲಿ ತೋರಿಸಿದೆವು, ಮೈಸೂರಿಗೆ ಹೋಗಿ ಎಂಆರ್‌ಐ ಮಾಡಿಸಿ ಅಂದರು. ಬೆನ್ನುಮೂಳೆಯ ಕೆಳಭಾಗದಲ್ಲಿ ಎಲ್4, ಎಲ್5 ಅನ್ನುವ ಮೂಳೆಗಳ ನಡುವಿನ ಡಿಸ್ಕ್ ಜಾರಿ ನರ ಒತ್ತುತ್ತಿದೆ. ಭಾರ ಎತ್ತುವಂತಿಲ್ಲ, ಫಿಸಿಯೋಥೆರಪಿ ಮಾಡಿಸಬೇಕು, ಕಡಿಮೆಯಾಗದಿದ್ದರೆ ಆಪರೇಷನ್ ಅಂದರು ಡಾಕ್ಟರ್. ಯಾವಾಗ ಆಯಿತು, ಅವತ್ತೇ ಯಾಕೆ ತೋರಿಸಲಿಲ್ಲ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲಿವರೆಗೆ 62 ಸಾವಿರ ಖರ್ಚಾಗಿದೆ. ಎಲ್ಲ ಕೈಯಿಂದಲೇ. ಅವ್ವನ ಸರ ಇನ್ನೂ ಬಿಡಿಸಿಲ್ಲ.

ಕಂಪನಿಗೂ ಏಜೆಂಟರಿಗೂ ಮೇಲ್ ಹಾಕಿದೆ. ಎರಡು ಸಾಲಿನ ಉತ್ತರ ಬಂತು. ಹಡಗಿನ ಮೆಡಿಕಲ್ ಸೆಂಟರ್‌ನಲ್ಲಿ ನಿಮ್ಮ ಬೆನ್ನಿನ ಬಗ್ಗೆ ಯಾವ ದಾಖಲೆಯೂ ಇಲ್ಲ, ಇಳಿಯುವಾಗ ಆರೋಗ್ಯವಾಗಿದ್ದೇನೆ ಅಂತ ನೀವೇ ಸಹಿ ಮಾಡಿದ್ದೀರಿ. ಅಷ್ಟೇ.

ಆಮೇಲೆ ಕೂತು ನಿಯಮ ಓದಿದೆ. ನಾನು ಮೊದಲೇ ಓದಬೇಕಿತ್ತು, ನೀವಾದರೂ ಈಗಲೇ ಓದಿಕೊಳ್ಳಿ. ಎಂಎಲ್‌ಸಿ 2006 ಅಂತ ಹಡಗಿನ ಕೆಲಸಗಾರರ ಅಂತರರಾಷ್ಟ್ರೀಯ ಒಪ್ಪಂದ ಇದೆ. ಗ್ಯಾಲಿಯವರು, ವೇಟರ್‌ಗಳು, ಕ್ಯಾಬಿನ್ ಕ್ಲೀನ್ ಮಾಡುವವರು ಎಲ್ಲರೂ ಅದರಲ್ಲಿ ನಾವಿಕರೇ. ಭಾರತ ಅದನ್ನು 2015ರಲ್ಲಿ ಒಪ್ಪಿಕೊಂಡಿದೆ. ನಮ್ಮ ಹಡಗಿನ ಧ್ವಜ ಬಹಾಮಾಸ್‌ನದು, ಅಂದರೆ ಅದು ನೋಂದಣಿಯಾಗಿರುವುದು ಅಲ್ಲಿ, ಆ ದೇಶವೂ ಒಪ್ಪಿದೆ. ಕೆಲಸಕ್ಕೆ ಸೇರಿದ ದಿನದಿಂದ ಮನೆಗೆ ಕಳಿಸುವವರೆಗೆ ಆಗುವ ಗಾಯ, ಕಾಯಿಲೆಯ ಚಿಕಿತ್ಸೆ ಖರ್ಚು ಹಡಗಿನ ಮಾಲೀಕರದು. ಇದಕ್ಕೆ ಒಂದು ಮಿತಿ ಹಾಕಿಕೊಳ್ಳಲು ದೇಶಗಳಿಗೆ ಅವಕಾಶ ಇದೆ, ಆದರೆ ಗಾಯವಾದ ದಿನದಿಂದ 16 ವಾರಕ್ಕಿಂತ ಕಡಿಮೆ ಮಾಡುವಂತಿಲ್ಲ. ದುಡಿಯಲು ಆಗದ ದಿನಗಳ ಸಂಬಳಕ್ಕೂ ಇಂಥದೇ ನಿಯಮ ಇದೆ. 16 ವಾರ ಅಂದರೆ ನನ್ನ ಎಂಆರ್‌ಐ, ಫಿಸಿಯೋಥೆರಪಿ ಎಲ್ಲ ಅದರೊಳಗೇ ಬರುತ್ತಿತ್ತು. ಅವತ್ತು ಸಂಜೆ ಮೂರು ಮಹಡಿ ಇಳಿದು ಮೆಡಿಕಲ್ ಸೆಂಟರ್‌ಗೆ ಹೋಗಿ ಹೆಸರು ಬರೆಸಿದ್ದರೆ ಸಾಕಿತ್ತು.

ಆದ್ದರಿಂದ ಕೈ ಮುಗಿದು ಹೇಳುತ್ತೇನೆ, ಪೆಟ್ಟು ಚಿಕ್ಕದಾದರೂ ಅವತ್ತೇ ಹೋಗಿ ಬರೆಸಿ. ಹಡಗಿನಲ್ಲಿ ಚಿಕಿತ್ಸೆಗೆ ನಮ್ಮಿಂದ ದುಡ್ಡು ಕೇಳುವಂತಿಲ್ಲ. ಎಲ್ಲಿ, ಎಷ್ಟು ಗಂಟೆಗೆ, ಏನು ಎತ್ತುವಾಗ ಆಯಿತು, ಯಾರು ನೋಡಿದರು, ಎಲ್ಲವೂ ಆ ರಿಪೋರ್ಟಿನಲ್ಲಿ ಇರಲಿ. ಸುಮ್ನೆ ಮಾತ್ರೆ ಕೊಟ್ಟು ಕಳಿಸಿದರೆ ಬಂದು ಹೋದದ್ದಕ್ಕೆ ಚೀಟಿ ಕೇಳಿ, ಫೋಟೋ ತೆಗೆದು ಮನೆಯವರಿಗೆ ಕಳಿಸಿಬಿಡಿ. ಅನುಕೂಲ ಇರುವ ಬಂದರಿನಲ್ಲಿ ಹೊರಗಿನ ಡಾಕ್ಟರಿಗೆ ತೋರಿಸುವ ಹಕ್ಕೂ ನಮಗಿದೆ. ಸೈನ್ ಆಫ್ ಹಾಳೆಗಳನ್ನು ಹಿಂದಿನ ದಿನವೇ ಕೇಳಿ ಓದಿ. ಆರೋಗ್ಯ ಚೆನ್ನಾಗಿದೆ ಅನ್ನುವ ಹಾಳೆ ಬಂದರೆ, ಸಹಿ ಪಕ್ಕದಲ್ಲಿ ನಿಮ್ಮ ಕೈಯಿಂದಲೇ, ಇಂಥ ದಿನ ಸೊಂಟಕ್ಕೆ ಪೆಟ್ಟಾಗಿದೆ, ಇನ್ನೂ ನೋವಿದೆ ಅಂತ ಇಂಗ್ಲಿಷಿನಲ್ಲಿ ಬರೆದು ದಿನಾಂಕ ಹಾಕಿ. ಹಾಗೆ ಬರೆಯಬೇಡ ಅಂತ ಯಾರಾದರೂ ತಡೆದರೆ, ಹಡಗಿನಲ್ಲೇ ದೂರು ಕೊಡುವ ವ್ಯವಸ್ಥೆ ಇರಲೇಬೇಕು, ನೇರವಾಗಿ ಕ್ಯಾಪ್ಟನ್ ಹತ್ತಿರವೂ ಹೋಗಬಹುದು. ದೊಡ್ಡ ಬಂದರುಗಳಲ್ಲಿ ಐಟಿಎಫ್ ಅನ್ನುವ ಸಾರಿಗೆ ಕಾರ್ಮಿಕರ ಒಕ್ಕೂಟದ ಇನ್‌ಸ್ಪೆಕ್ಟರ್‌ಗಳು ಇರುತ್ತಾರೆ. ಸೀಫೇರರ್‌ಹೆಲ್ಪ್ ಅಂತ ಒಂದು ಸಹಾಯವಾಣಿ ಇದೆ, 24 ಗಂಟೆಯೂ ಉಚಿತ. ಇದೆಲ್ಲ ಇಳಿಯುವ ಮುಂಚೆ ಮಾಡಿದರೆ ಕೆಲಸಕ್ಕೆ ಬರುತ್ತದೆ. ನನ್ನ ಹಾಗೆ ಸಹಿ ಹಾಕಿ ಇಳಿದವರದು ಎಲ್ಲ ಮುಗಿಯಿತು ಅಂತಲ್ಲ, ಆದರೆ ಗಾಯ ಅಲ್ಲೇ ಆಯಿತು ಅಂತ ತೋರಿಸುವ ಹೊರೆ ನಮ್ಮ ತಲೆ ಮೇಲೆ ಬೀಳುತ್ತದೆ.

ಕೆಲಸದ ಗಂಟೆಗಳ ಲೆಕ್ಕವನ್ನೂ ಕೇಳಿ ಇಟ್ಟುಕೊಳ್ಳಿ. ಅದರ ಪ್ರತಿ ನಮಗೆ ಕೊಡಬೇಕು ಅಂತ ನಿಯಮ ಇದೆ. ನನ್ನದು ಇದ್ದಿದ್ದರೆ ಆ ದಿನ ನಾನು ಪ್ರಾವಿಷನ್ ಲೋಡಿಂಗ್‌ನಲ್ಲಿ ಇದ್ದೆ ಅನ್ನುವುದಕ್ಕಾದರೂ ಒಂದು ಸಾಕ್ಷಿ ಆಗುತ್ತಿತ್ತು.

ಇನ್ನೊಂದು ಬಲೆ ಇದೆ, ಅದಕ್ಕೆ ಬೀಳಲು ನಾನು ತಯಾರಾಗಿದ್ದೆ. ಏಜೆಂಟರ ಆಫೀಸಿನವರೇ ಒಬ್ಬರು ಫೋನಿನಲ್ಲಿ, ಮೂರು ತಿಂಗಳು ರೆಸ್ಟ್ ತೆಗೆದುಕೋ, ಮುಂದಿನ ಸಲ ಸೇರುವ ಮುಂಚಿನ ಮೆಡಿಕಲ್ ಪರೀಕ್ಷೆಯಲ್ಲಿ ಬೆನ್ನಿನ ವಿಷಯ ಹೇಳಬೇಡ, ಹತ್ತಿಸಿಬಿಡುತ್ತೇವೆ ಅಂದರು. ನಿಯಮದಲ್ಲಿ ಸ್ಪಷ್ಟವಾಗಿದೆ, ಸೇರುವಾಗ ಬೇಕಂತಲೇ ಮುಚ್ಚಿಟ್ಟ ಕಾಯಿಲೆಗೆ ಮಾಲೀಕರು ಜವಾಬ್ದಾರಿ ತಪ್ಪಿಸಿಕೊಳ್ಳಬಹುದು. ಮುಚ್ಚಿಟ್ಟು ಹತ್ತಿ, ನಡುಸಮುದ್ರದಲ್ಲಿ ಕಾಲು ಬಿದ್ದುಹೋದರೆ ಆಗ ನಿಜಕ್ಕೂ ಯಾರೂ ಇರುವುದಿಲ್ಲ. ಬೇಡ ಅಂದೆ. ಅಣ್ಣ ಬೈದ, ಸಾಲ ಯಾರು ತೀರಿಸುತ್ತಾರೆ ಅಂತ. ಎಂಆರ್‌ಐ ರಿಪೋರ್ಟ್ ಓದಿ ಹೇಳಿದ ಮೇಲೆ ಸುಮ್ಮನಾದ.

ಬೇರೆ ಸಣ್ಣಪುಟ್ಟ ವಿಷಯ ಬೇಗ ಹೇಳಿಬಿಡುತ್ತೇನೆ. ಸಿಡಿಸಿಯಲ್ಲಿ ಸೈನ್ ಆನ್, ಸೈನ್ ಆಫ್ ದಿನಾಂಕ, ಸೀಲು ಸರಿ ಇದೆಯಾ ಅಂತ ಕೌಂಟರ್ ಬಿಡುವ ಮುಂಚೆ ನೋಡಿ, ಇನ್‌ಕಮ್ ಟ್ಯಾಕ್ಸ್‌ಗೆ ಎಷ್ಟು ದಿನ ಹೊರಗಿದ್ದಿರಿ ಅನ್ನುವ ಲೆಕ್ಕಕ್ಕೆ ಅದೂ ಬೇಕಾಗಬಹುದು. ಹಳದಿ ಜ್ವರದ ಲಸಿಕೆ ಕಾರ್ಡನ್ನು ಮೆಡಿಕಲ್ ಸೆಂಟರ್‌ನಲ್ಲಿ ಕೊಟ್ಟಿದ್ದರೆ ವಾಪಸ್ ಇಸಿದುಕೊಳ್ಳಿ. ಬ್ರೆಜಿಲ್ ಕಡೆಯಿಂದ ಬರುವವರ ಹತ್ತಿರ ಅದು ಇಲ್ಲದಿದ್ದರೆ ಇಲ್ಲಿ ಏರ್‌ಪೋರ್ಟಿನಿಂದಲೇ 6 ದಿನದವರೆಗೆ ಕ್ವಾರಂಟೈನ್‌ಗೆ ಹಾಕಬಹುದು. ಕೈಯಲ್ಲಿ 5,000 ಡಾಲರ್‌ಗಿಂತ ಜಾಸ್ತಿ ನೋಟು ತರುತ್ತಿದ್ದರೆ ಕಸ್ಟಮ್ಸ್‌ನಲ್ಲಿ ಬರೆದುಕೊಡಬೇಕು.

ಡಿಜಿ ಶಿಪ್ಪಿಂಗ್‌ಗೆ ನಾನು ದೂರು ಬರೆದಿದ್ದೇನೆ. ಮಂಗಳೂರಿನ ಹುಡುಗ, ಅವತ್ತು ಏನಾಯಿತು ಅಂತ ತಾನು ನೋಡಿದ್ದನ್ನು ಬರೆದು ಸಹಿ ಮಾಡಿ ಕಳಿಸಿದ್ದಾನೆ. ಅವನು ಇನ್ನೂ ಅದೇ ಕಂಪನಿಯಲ್ಲಿದ್ದಾನೆ, ಅದರಿಂದ ಅವನಿಗೆ ತೊಂದರೆ ಆಗಬಹುದು, ಆದರೂ ಬರೆದುಕೊಟ್ಟ. ಅದನ್ನು ನಾನು ಮರೆಯುವುದಿಲ್ಲ.

ಪಾಂಡವಪುರದ ಕಡೆ ನಮ್ಮ ನೆಂಟರ ಹುಡುಗ ಒಬ್ಬ ಈಗ ಹಡಗಿನಲ್ಲಿದ್ದಾನೆ, ಇನ್ನು 20 ದಿನಕ್ಕೆ ಸೈನ್ ಆಫ್. ಕಳೆದ ವಾರ ವಿಡಿಯೋ ಕಾಲ್‌ನಲ್ಲಿ ಬಲಗೈ ಮಣಿಕಟ್ಟು ಬಟ್ಟೆ ಸುತ್ತಿದ್ದು ಕಾಣಿಸಿತು. ಏನದು ಅಂದರೆ, "ಏನಿಲ್ಲ ಅಣ್ಣ, ಊರಿಗೆ ಬಂದು ತೋರಿಸ್ತೀನಿ" ಅಂದ. ಅವತ್ತಿನಿಂದ ದಿನಾ ಎರಡು ಸಲ ಫೋನ್ ಮಾಡಿದೆ, ಅವನ ಅಮ್ಮನಿಂದಲೂ ಮಾಡಿಸಿದೆ. ನಿನ್ನೆ ರಾತ್ರಿ 11 ಗಂಟೆಗೆ ಒಂದು ಫೋಟೋ ಬಂತು. ಹಡಗಿನ ಮೆಡಿಕಲ್ ಸೆಂಟರ್‌ನ ರಿಪೋರ್ಟ್, ದಿನಾಂಕ ಇದೆ, ಡಾಕ್ಟರ ಸಹಿ ಇದೆ.